ಹೊಡೆದುಹಾಕಿದ ಒಂದು ವಾಕ್ಯ

2025ರ ಅಕ್ಟೋಬರ್ ತಿಂಗಳಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ, ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಅದನ್ನೇ ಓದುತ್ತ ಕುಳಿತಿದ್ದೆ. ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಎಂಬ ಮೂವರಿಗೆ ಅದು ಸಂದಿತ್ತು. ನಮ್ಮ ರೋಗನಿರೋಧಕ ಕಣಗಳು ನಮ್ಮ ಮೇಲೆಯೇ ತಿರುಗಿ ಬೀಳದಂತೆ ತಡೆಯುವ ಬೇರೊಂದು ಬಗೆಯ ಕಣಗಳಿವೆಯೆಂದು ಸಕಾಗುಚಿ 1995ರಲ್ಲಿ ತೋರಿಸಿಕೊಟ್ಟರು. ಯಾವ ಜೀನು ಕೆಟ್ಟರೆ ದೇಹವು ತನ್ನನ್ನೇ ಘಾಸಿಗೊಳಿಸತೊಡಗುತ್ತದೆ ಎಂಬುದನ್ನು ಉಳಿದಿಬ್ಬರು 2001ರಲ್ಲಿ ಪತ್ತೆಹಚ್ಚಿದರು. ಎರಡೂ ಒಂದೇ ಕಥೆಯ ಎರಡು ತುದಿಗಳೆಂಬುದು ಆಮೇಲೆ ತಿಳಿಯಿತು.

ಓದುತ್ತಿದ್ದಂತೆ ನನಗೆ ನೆನಪಾದದ್ದು 1993ರ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಮತ್ತು ಆ ತರಗತಿಗೆ ನಾನು ಬರೆಸಿದ ಒಂದು ತಪ್ಪು ವಾಕ್ಯ. ಆಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಆಕೆಯ ಸಹಪಾಠಿಗಳಿಗೆ ಹೇಗೂ ತಿಳಿಯುತ್ತದೆ.

ಆಗ ನಾನು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ‘ತಿಳಿದುದರಿಂದ ತಿಳಿಯದುದರೆಡೆಗೆ ಸಾಗಬೇಕು’ ಎಂಬ ಬೋಧನಾ ಸೂತ್ರವನ್ನು ಬಿ.ಎಡ್. ತರಗತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಚಿತ್ರದುರ್ಗದ ಸೀಮೆಯ ಮಕ್ಕಳಿಗೆ ತಿಳಿದದ್ದೆಂದರೆ ಏಳು ಸುತ್ತಿನ ಕೋಟೆ. ಹೀಗಾಗಿ ರೋಗನಿರೋಧಕ ಶಕ್ತಿಯ ಪಾಠಕ್ಕೆ ಬೇರೆ ಪಾಠೋಪಕರಣ ಹುಡುಕುವ ಶ್ರಮವೇ ನನಗಿರಲಿಲ್ಲ. ಚರ್ಮವೇ ಕೋಟೆಯ ಗೋಡೆ. ಗಾಯವೆಂದರೆ ಗೋಡೆಯ ಕಿಂಡಿ. ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತ ಓಬವ್ವನೇ ರೋಗಾಣುಗಳನ್ನು ನುಂಗುವ ಬಿಳಿಯ ರಕ್ತಕಣ. ರಷ್ಯದ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದುದನ್ನು ಕಂಡ ಪ್ರಸಂಗವನ್ನೂ ಇದರೊಡನೆ ಸೇರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಅನಂತರ ಮಕ್ಕಳು ಎಡತೋಳಿನ ಬಿ.ಸಿ.ಜಿ. ಕಲೆಯನ್ನು ತೋರಿಸಬೇಕು, ನಾನು ನನ್ನ ಬಾಲ್ಯದ ಸಿಡುಬಿನ ಲಸಿಕೆಯ ದೊಡ್ಡ ಕಲೆಯನ್ನು ತೋರಿಸಬೇಕು. ಇದು ಪ್ರತಿವರ್ಷದ ರೂಢಿ. ನಿಜ ಹೇಳುವುದಾದರೆ, ಆ ಪಾಠದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಕೊನೆಗೆ ಟಿಪ್ಪಣಿ ಬರೆಸುವಾಗ ಹೀಗೊಂದು ವಾಕ್ಯ ಬರುತ್ತಿತ್ತು: ‘ದೇಹದ ಸೈನ್ಯವು ಶತ್ರುಗಳನ್ನು ಮಾತ್ರ ಕೊಲ್ಲುತ್ತದೆ, ತನ್ನವರ ಮೇಲೆ ಎಂದಿಗೂ ಕೈಮಾಡುವುದಿಲ್ಲ.’

ಆ ವರ್ಷ ಈ ವಾಕ್ಯ ಬರೆಸುತ್ತಿದ್ದಾಗ ಆ ಹುಡುಗಿ ಎದ್ದು ನಿಂತಳು. “ಸಾರ್, ಸೈನಿಕರು ತಮ್ಮ ಊರಿನವರಿಗೇ ಹೊಡಿಯಲ್ವಾ?”

“ಎಲ್ಲಾದ್ರೂ ಹೊಡೀತಾರೇನಮ್ಮ? ಕೂತ್ಕೊಂಡು ಬರ್ಕೋ,” ಎಂದೆ. ತರಗತಿ ನಕ್ಕಿತು. ಅವಳು ಕುಳಿತು ಬರೆದುಕೊಂಡಳು.

ಮೂರು ವಾರಕ್ಕೊಮ್ಮೆ ಒಂದು ದಿನ ತಪ್ಪದೆ ಗೈರುಹಾಜರಾಗುತ್ತಿದ್ದ ಹುಡುಗಿ ಅವಳು. ಅದಕ್ಕಾಗಿ ಎರಡು ಸಲ ನಿಲ್ಲಿಸಿ ಬೈದಿದ್ದೆ, ಕಾರಣ ಕೇಳಿರಲಿಲ್ಲ. ಪಾಠವಾಗಿ ಎರಡು ತಿಂಗಳ ಮೇಲೆ ಅವಳ ತಾಯಿ, ಕೂಲಿಯಿಂದ ನೇರವಾಗಿ ಬಂದವರು, ಶಾಲೆಯ ಜಗುಲಿಯ ಕೆಳಗೆ ನಿಂತು ಹೇಳಿದರು: “ಮೇಷ್ಟ್ರೇ, ನೀವಾದ್ರೂ ಬುದ್ಧಿ ಹೇಳಿ. ಸೂಜಿಗೆ ಬರಾಕಿಲ್ಲ ಅಂತಾಳೆ. ನಮ್ಮ ಮೈಯಾಗಿನ ಸೈನ್ಯ ನಮಗೇನೂ ಮಾಡಲ್ವಂತೆ, ಮೇಷ್ಟ್ರೇ ಬರೆಸ್ಯಾರೆ ಅಂತ ಪುಸ್ತಕ ತೋರಿಸ್ತಾಳೆ.”

ಅಷ್ಟರಲ್ಲಿ ಎರಡು ಸೂಜಿ ತಪ್ಪಿಹೋಗಿದ್ದವು.

ಆ ಶನಿವಾರ ಮಧ್ಯಾಹ್ನ ತಾಯಿ ಮಗಳೊಡನೆ ನಾನೂ ಚಿತ್ರದುರ್ಗದ ಬಸ್ಸು ಹತ್ತಿದೆ. ಅಲ್ಲಿನ ವೈದ್ಯರು, ನನಗಿಂತ ಕಿರಿಯರು, ನನ್ನನ್ನು ಕೂರಿಸಿಕೊಂಡು ಹತ್ತು ನಿಮಿಷದಲ್ಲಿ ವಿಷಯ ತಿಳಿಸಿದರು. ಮಕ್ಕಳ ಗಂಟಲುಬೇನೆಗೆ ಕೆಲವೊಮ್ಮೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಅದರ ಮೈಮೇಲಿನ ಒಂದು ಪ್ರೋಟೀನಿಗೂ ನಮ್ಮ ಹೃದಯದ ಕೆಲವು ಪ್ರೋಟೀನುಗಳಿಗೂ ಹೋಲಿಕೆಯಿದೆ. ಬ್ಯಾಕ್ಟೀರಿಯಾವನ್ನು ಹೊಡೆಯಲೆಂದು ದೇಹ ತಯಾರಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಆ ಹೋಲಿಕೆಗೆ ಮೋಸಹೋಗುತ್ತವೆ. ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ ಜ್ವರ ಬರುತ್ತದೆ, ಮೊಣಕಾಲು, ಹಿಮ್ಮಡಿಯ ಕೀಲುಗಳು ಒಂದಾದ ಮೇಲೊಂದು ಊದುತ್ತವೆ. ಕೀಲುಗಳು ಸರಿಹೋಗುತ್ತವೆ, ಹೃದಯದ ಕವಾಟಕ್ಕಾದ ಗಾಯ ಉಳಿದುಬಿಡಬಹುದು. ಇದೇ ರೂಮ್ಯಾಟಿಕ್ ಜ್ವರ. ಪ್ರತಿಸಲ ಗಂಟಲುಬೇನೆ ಮರುಕಳಿಸಿದಾಗಲೂ ಕವಾಟಕ್ಕೆ ಹೊಸ ಪೆಟ್ಟು ಬೀಳುವ ಭಯವಿರುವುದರಿಂದ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಅದೂ ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ಬಹಳ ನೋಯುವ ಸೂಜಿಯದು. ಹದಿನಾಲ್ಕರ ಮಗುವಿಗೆ ಅದರಿಂದ ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತು. ನಾನು ಅದನ್ನು ಟಿಪ್ಪಣಿಯಾಗಿ ಬರೆಸಿಕೊಟ್ಟಿದ್ದೆ.

ಅವಳು ಅಂದು ಕೇಳಿದ್ದು ತರಲೆಯ ಪ್ರಶ್ನೆಯಾಗಿರಲಿಲ್ಲ. ಇದೇ ವೈದ್ಯರು ಹೇಳಿದ್ದ ಮಾತನ್ನು ತನಗೆ ತಿಳಿದಂತೆ ಪರೀಕ್ಷಿಸುತ್ತಿದ್ದಳು.

ಸೋಮವಾರ ತರಗತಿಯಲ್ಲಿ “ನಾನು ಬರೆಸಿದ್ದು ತಪ್ಪು” ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ಹೆಸರೆತ್ತದೆ ಗಂಟಲುಬೇನೆಯ ಕಥೆ ಹೇಳತೊಡಗಿದೆ. ಆದರೆ ಸೈನ್ಯದ ಹೋಲಿಕೆ ಹಿಡಿದು ಮುಂದೆ ಹೋಗಲಾಗಲಿಲ್ಲ. ಓಬವ್ವ ತನ್ನ ಮನೆಯವರನ್ನೇ ಬಡಿದಳೆಂದು ಹೇಗೆ ಹೇಳುವುದು? ತಡವರಿಸುತ್ತಿದ್ದಾಗ ಕುರಿಹಟ್ಟಿಯ ಹುಡುಗನೊಬ್ಬ ಕೂತಲ್ಲಿಂದಲೇ ಮಾತಾಡಿದ: “ಸಾರ್, ನಮ್ಮನೆ ನಾಯಿನೂ ಹಂಗೇ ಮಾಡ್ತು. ಕಂಬಳಿ ಹೊದ್ಕಂಡು ಕಳ್ಳ ಬಂದಿದ್ದ, ಅಟ್ಟಿಸ್ಕಂಡು ಹೋಗಿ ಕಡೀತು. ಆಮ್ಯಾಲೆ ನಮ್ಮಜ್ಜ ಕಂಬಳಿ ಹೊದ್ಕಂಡು ಬಂದ್ರೆ ಅಜ್ಜಂಗೂ ಕಡೀತು.”

ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಮೂವತ್ತೆರಡು ವರ್ಷಗಳಾದ ಮೇಲೂ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

“ಹಾಗಾದರೆ ಏನು ಮಾಡಬೇಕು? ನಾಯಿಯನ್ನು ಕೊಲ್ಲುವುದೇ?” ಎಂದು ಕೇಳಿದೆ. ಕೂಡದು, ತೋಳ ಬಂದರೆ ಕಾಯುವವರಾರು? ಅಜ್ಜ ಕಂಬಳಿ ಬಿಡುವುದೇ? ಅದೂ ಆಗದು, ಕವಾಟ ತನ್ನ ಮೈಯನ್ನು ಬದಲಿಸಿಕೊಳ್ಳಲಾರದು. ಕಂಬಳಿಯ ಕಳ್ಳ ಹಟ್ಟಿಯ ಹತ್ತಿರವೇ ಸುಳಿಯದಂತೆ ನೋಡಿಕೊಳ್ಳುವುದೊಂದೇ ದಾರಿ ಎಂಬಲ್ಲಿಗೆ ಮಕ್ಕಳೇ ಬಂದು ಮುಟ್ಟಿದರು. ಪೆನಿಸಿಲಿನ್ ಮಾಡುವುದು ಅಷ್ಟನ್ನೇ ಎಂದು ಹೇಳುವಾಗ ನಾನು ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದೆ. ಮುಂದಿನ ಸೂಜಿಗೆ ಅವಳು ಹೋದಳೆಂದು ತಾಯಿ ಹೇಳಿಕಳುಹಿಸಿದರು. ಗೈರುಹಾಜರಿಯ ಬಗ್ಗೆ ನಾನು ಮತ್ತೆ ಮಾತೆತ್ತಲಿಲ್ಲ.

ಈ ತಪ್ಪಿನಲ್ಲಿ ನನಗೆ ದೊಡ್ಡವರ ಜೊತೆಯಿತ್ತೆಂದು ಬಹಳ ಕಾಲದ ಮೇಲೆ ಓದಿ ತಿಳಿದೆ. ಮೆಚ್ನಿಕಾಫ್ ಜೊತೆ 1908ರ ನೊಬೆಲ್ ಹಂಚಿಕೊಂಡ ಪಾಲ್ ಎರ್ಲಿಕ್, ದೇಹಕ್ಕೆ ತನ್ನನ್ನೇ ವಿಷದಿಂದ ಘಾತಿಸಿಕೊಳ್ಳುವುದರ ಬಗ್ಗೆ ಒಂದು ಸಹಜ ಭೀತಿಯಿದೆ ಎಂದಿದ್ದರು. ಆ ಮಾತಿನ ಪ್ರಭಾವದಿಂದ ಹಲವು ದಶಕಗಳ ಕಾಲ ಅನೇಕ ವಿಜ್ಞಾನಿಗಳು ಇಂಥ ರೋಗಗಳಿರಲಾರವೆಂದೇ ನಂಬಿದ್ದರು. ಆಮೇಲಿನ ವರ್ಷಗಳಲ್ಲಿ ನಾನು ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯ ಬಗ್ಗೆಯೂ ಹೇಳುತ್ತಿದ್ದೆ. ಎಳೆಯ ಟಿ ಕಣಗಳಿಗೆ ಅಲ್ಲೊಂದು ಪರೀಕ್ಷೆ; ಕೆಲಸಕ್ಕೆ ಬಾರದವು, ತನ್ನವರನ್ನೇ ಕಚ್ಚುವವು ಎಲ್ಲ ಅಲ್ಲೇ ನಾಶ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೇಲು ಎಂದರೆ ಎಸ್.ಎಸ್.ಎಲ್.ಸಿ.ಯ ಭಯದಲ್ಲಿದ್ದ ಮಕ್ಕಳಿಗೆ ಏನೋ ಸಮಾಧಾನ. ಅಷ್ಟು ಬಿಗಿಯಾದ ಪರೀಕ್ಷೆಯಲ್ಲೂ ಕೆಲವು ನುಸುಳಿ ಬರುತ್ತವೆ, ಅವನ್ನು ಹೊರಗೆ ಕಾಯುವವರು ಬೇರೆಯಿದ್ದಾರೆ ಎಂಬುದಕ್ಕೇ ಈ ಸಲದ ನೊಬೆಲ್.

ಅವಳು ಇಪ್ಪತ್ತೈದರವರೆಗೆ ಸೂಜಿ ಹಾಕಿಸಿಕೊಂಡಳು. ಆದರೂ ಒಂದು ಕವಾಟ ಕಿರಿದಾಗಿ, ಮೂವತ್ತರ ಹೊತ್ತಿಗೆ ಬೆಂಗಳೂರಿನಲ್ಲಿ ಬಲೂನು ತೂರಿಸಿ ಅಗಲಿಸಬೇಕಾಯಿತು. ಈಗ ಇಬ್ಬರು ಮಕ್ಕಳ ತಾಯಿ. ತಪ್ಪಿಹೋದ ಆ ಎರಡು ಸೂಜಿಗಳಿಂದ ಏನಾದರೂ ಆಯಿತೇ ಎಂದು ಕಳೆದ ವರ್ಷ ಫೋನಿನಲ್ಲಿ ಕೇಳಿಯೇಬಿಟ್ಟೆ. “ಅಯ್ಯೋ, ಬಿಡಿ ಸಾರ್, ಅದರಿಂದೇನಲ್ಲ,” ಎಂದಳು. ವೈದ್ಯರು ಹಾಗೆಂದರೇ, ಇಲ್ಲ ನನ್ನ ಸಮಾಧಾನಕ್ಕೆ ಹೇಳಿದಳೇ ಎಂದು ಕೇಳುವ ಧೈರ್ಯವಾಗಲಿಲ್ಲ.

ಆ ಸೋಮವಾರ ನಲವತ್ತೊಂದು ಟಿಪ್ಪಣಿ ಪುಸ್ತಕಗಳನ್ನು ತರಿಸಿಕೊಂಡು, ಆ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಸಹಿ ಮಾಡಿದ್ದೆ. ಮೂವರು ಅಂದು ಬಂದಿರಲಿಲ್ಲ. ಇಬ್ಬರದನ್ನು ಆ ವಾರದಲ್ಲೇ ತಿದ್ದಿದೆ. ಮೂರನೆಯವನು ಅಪ್ಪನ ಜೊತೆ ಕುರಿ ಮೇಯಿಸಲು ವಲಸೆ ಹೋಗಿದ್ದ, ಮರಳಿ ಶಾಲೆಗೆ ಬರಲಿಲ್ಲ. ಅವನ ಪುಸ್ತಕ ಇನ್ನೂ ಎಲ್ಲಿಯಾದರೂ ಇದ್ದರೆ, ಅವನನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ಆ ಸಾಲನ್ನು ಹೊಡೆದುಹಾಕಲು ಹೇಳಿ.