ಎರಡು ಹೆಬ್ಬೆರಳಿನ ಆಟ

ಎಡ ಹೆಬ್ಬೆರಳು ಓಡಬೇಕು, ಬಲ ಹೆಬ್ಬೆರಳು ಹೊಡೆಯಬೇಕು. ನಿಯಮ ಅಷ್ಟೇ. ಓಡುವುದು ಒಂದು ದಿಕ್ಕಿಗೆ, ಗುಂಡು ಹಾರುವುದು ಇನ್ನೊಂದು ದಿಕ್ಕಿಗೆ. ಬೆನ್ನಟ್ಟಿ ಬಂದವರ ಮೇಲೆ ಗುಂಡು ಸುರಿಸುತ್ತಲೇ ಹಿಂದೆ ಹಿಂದೆ ಸರಿಯಬಹುದು. ಟ್ವಿನ್‌ಸ್ಟಿಕ್ ಶೂಟರ್ ಎನ್ನುವ ವಿಡಿಯೋ ಗೇಮುಗಳೆಲ್ಲ ಇದೇ ಜಾತಿಯವು. ಕೇಳುವುದಕ್ಕೆ ಸುಲಭ, ಆದರೆ ಮೊದಲ ಸಲ ಕಂಟ್ರೋಲರ್ ಹಿಡಿದವರ ಎರಡು ಹೆಬ್ಬೆರಳೂ ಒಂದೇ ಕಡೆಗೆ ವಾಲುತ್ತವೆ. ಮೃದಂಗ ಕಲಿಯುವ ಮಕ್ಕಳ ಎಡಗೈ ಮೊದಮೊದಲು ಬಲಗೈಯ ಹಿಂದೆಯೇ ಹೋಗುತ್ತದೆ. ಮೃದಂಗದ ಎಡಬದಿಯಾದ ತೊಪ್ಪಿಯ ಮೇಲೆ ಅದು ತನ್ನ ಲೆಕ್ಕವನ್ನು ತಾನೇ ಹಿಡಿದುಕೊಂಡ ದಿನ ನಾದ ಬೇರೆಯೇ ಆಗುತ್ತದೆ. ಇಲ್ಲಿಯೂ ಅಂಥದೊಂದು ದಿನ ಬರುತ್ತದೆ. ಅದು ಬಂದ ಮೇಲೆ ಆಟದ ರುಚಿ ಬಿಡುವುದಿಲ್ಲ.

ಈ ಜಾತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿಂದ ಆಡಿದ್ದು ‘ನೆಕ್ಸ್ ಮಾಕಿನಾ’. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿರುವ ಹೌಸ್‌ಮಾರ್ಕ್ ಎಂಬ ಸಂಸ್ಥೆ 2017ರ ಜೂನ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೂ ಕಂಪ್ಯೂಟರಿಗೂ ಹೊರತಂದ ಆಟ. ಕತೆಯನ್ನು ಒಂದು ಉಸಿರಿನಲ್ಲಿ ಹೇಳಬಹುದು: ಯಂತ್ರಗಳು ಮನುಷ್ಯರ ಮೇಲೆ ತಿರುಗಿಬಿದ್ದಿವೆ, ಅವುಗಳ ನಡುವೆ ಒಬ್ಬ ಇಳಿದಿದ್ದಾನೆ. ಮೇಲಿನಿಂದ ನೋಡಿದಂತೆ ಕಾಣುವ ಒಂದು ಪುಟ್ಟ ಅಂಗಳ. ನಾಲ್ಕೂ ಕಡೆಯಿಂದ ಯಂತ್ರಗಳು ಮುತ್ತಿಕೊಳ್ಳುತ್ತವೆ, ಏಟು ಬಿದ್ದರೆ ಸಣ್ಣ ಸಣ್ಣ ಚೂರುಗಳಾಗಿ ಸಿಡಿದು ಪರದೆಯ ತುಂಬ ಚೆಲ್ಲುತ್ತವೆ. ಎಲ್ಲವೂ ಮುಗಿದ ಕ್ಷಣ ಮುಂದಿನ ಅಂಗಳ. ಕವಚ ಸಿಕ್ಕಿರದಿದ್ದರೆ ಒಂದೇ ಏಟಿಗೆ ಜೀವ ಹೋಗುತ್ತದೆ.

ಇಷ್ಟು ಕೇಳಿದವರು ಇದನ್ನು ಗುರಿಯ ಆಟ ಅಂದುಕೊಳ್ಳುತ್ತಾರೆ. ನನ್ನ ಅನುಭವ ಬೇರೆ. ಬಲ ಹೆಬ್ಬೆರಳನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಸಾಕು, ಗುಂಡು ತಾನಾಗಿ ಸುರಿಯುತ್ತಲೇ ಇರುತ್ತದೆ. ಮುಗಿಯುವ ಭಯವಿಲ್ಲ, ಮತ್ತೆ ತುಂಬಿಸುವ ಕೆಲಸವಿಲ್ಲ. ಹೊಡೆಯುವುದಕ್ಕೆ ಬುದ್ಧಿ ಖರ್ಚಾಗುವುದೇ ಕಡಿಮೆ. ಬುದ್ಧಿಯೆಲ್ಲ ಬೇಕಾಗುವುದು ಎಡ ಹೆಬ್ಬೆರಳಿಗೆ. ಈಗ ಎಲ್ಲಿ ನಿಂತಿದ್ದೇನೆ, ಇನ್ನು ಅರ್ಧ ಸೆಕೆಂಡಿನಲ್ಲಿ ಎಲ್ಲಿರಬೇಕು, ಆ ಮೂಲೆಗೆ ಹೋದರೆ ಹೊರಬರುವ ದಾರಿ ಉಂಟೇ? ದಾರಿಯೇ ಇಲ್ಲವೆನ್ನಿಸಿದಾಗ ಒಂದು ಬಟನ್ ಇದೆ. ಅದನ್ನು ಒತ್ತಿದರೆ ನಮ್ಮವನು ಗುಂಡುಗಳ ಗೋಡೆಯನ್ನೇ ತೂರಿಕೊಂಡು ಆಚೆಗೆ ಜಿಗಿಯುತ್ತಾನೆ. ಆ ಗಳಿಗೆಯಲ್ಲಿ ಅವನಿಗೆ ಏನೂ ತಾಗದು. ಆದರೆ ಜಿಗಿದು ನಿಲ್ಲುವ ಜಾಗವನ್ನು ಮೊದಲೇ ನೋಡಿಟ್ಟುಕೊಂಡಿರಬೇಕು.

ಅಕ್ಕನ ಮಗಳಿಗೆ ಇದನ್ನು ಕಲಿಸುವಾಗ ಅವಳು ಕೇಳಿದ್ದಳು: “ಮಾಮ, ಇಷ್ಟೊಂದು ಗಲಾಟೆಯಲ್ಲಿ ನಾನೆಲ್ಲಿದ್ದೀನಿ ಅಂತ ಹೇಗೆ ಗೊತ್ತಾಗತ್ತೆ?”

“ನಿನ್ನನ್ನ ನೀನು ನೋಡ್ಕೋಬೇಡ ಪುಟ್ಟಿ. ನೀನೆಲ್ಲಿದ್ದೀಯ ಅಂತ ಕೈಗೆ ಗೊತ್ತಿರತ್ತೆ. ಖಾಲಿ ಜಾಗ ಎಲ್ಲಿದೆ ನೋಡು.”

ಅವಳು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನು ನೆಟ್ಟಗಾಯಿತು, ಮಾತು ನಿಂತಿತು, ಕಣ್ಣು ಪರದೆಯ ಅಂಚಿನಿಂದ ಅಂಚಿಗೆ ಓಡತೊಡಗಿತು. ಆಟ ಹಿಡಿಸಿತು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ಬಗೆಯ ಆಟಕ್ಕೆ ಮೂಲಪುರುಷ ಯಾರೆಂದರೆ ಅಮೆರಿಕದ ಯೂಜೀನ್ ಜಾರ್ವಿಸ್ ಎನ್ನಬೇಕು. ಎರಡು ಕೋಲಿನ ಯಂತ್ರಗಳು ಅದಕ್ಕೂ ಹಿಂದೆ ಇದ್ದವು, ನಿಜ. ಆದರೆ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ 1982ರಲ್ಲಿ ಮಾಡಿದ ‘ರೋಬೋಟ್ರಾನ್: 2084’ ಎಲ್ಲರಿಗೂ ಮಾದರಿಯಾಗಿ ನಿಂತಿತು. ಅದಕ್ಕೆ ಎರಡು ವರ್ಷ ಮೊದಲು ಬಂದ ‘ಬರ್ಜರ್ಕ್’ ಎಂಬ ಆಟದಲ್ಲಿ ಮುಖ ಮಾಡಿದ ಕಡೆಗೇ ಗುಂಡು ಹಾರಬೇಕು. ಶತ್ರುವನ್ನು ಹೊಡೆಯಬೇಕಾದರೆ ಅವನ ಕಡೆಗೇ ಮುಖ ತಿರುಗಿಸಬೇಕು. ಜಾರ್ವಿಸ್‌ಗೆ ಇದು ಕಿರಿಕಿರಿ ಎನಿಸಿತ್ತು. ಕಾರು ಅಪಘಾತದಲ್ಲಿ ಕೈಗೆ ಪೆಟ್ಟಾಗಿ ಬಟನ್ ಒತ್ತುವುದೂ ಕಷ್ಟವಾಗಿದ್ದ ಸಮಯ ಬೇರೆ. ಬಟನ್ ಕಿತ್ತುಹಾಕಿ ಅದರ ಜಾಗದಲ್ಲಿ ಇನ್ನೊಂದು ಜಾಯ್‌ಸ್ಟಿಕ್ ನಿಲ್ಲಿಸಿದರು. ನೋವಿನಲ್ಲಿದ್ದ ಕೈಗೊಂದು ಅನುಕೂಲ ಹುಡುಕಿದ್ದರಿಂದ ಹೊಸದೊಂದು ಆಟದ ಭಾಷೆಯೇ ಹುಟ್ಟಿತು.

ರೋಬೋಟ್ರಾನ್‌ನಲ್ಲಿ ನನ್ನನ್ನು ಇವತ್ತಿಗೂ ತಟ್ಟುವುದು ಅಲ್ಲಿರುವ ಸಂಸಾರ. ಭೂಮಿಯ ಮೇಲೆ ಉಳಿದಿರುವ ಕೊನೆಯ ಮನುಷ್ಯರು: ಅಪ್ಪ, ಅಮ್ಮ, ಮಿಕಿ ಎಂಬ ಹುಡುಗ. ರೋಬೋಟುಗಳ ನಡುವೆ ಏನೂ ತಿಳಿಯದವರಂತೆ ಅಡ್ಡಾಡುತ್ತಿರುತ್ತಾರೆ. ಮುಟ್ಟಿದರೆ ಅವರು ಉಳಿದಂತೆ. ಒಬ್ಬರಿಗೆ 1,000 ಅಂಕ, ಇನ್ನೊಬ್ಬರಿಗೆ 2,000, ಹೀಗೆ ಏರುತ್ತ 5,000ದವರೆಗೆ. ಹಲ್ಕ್ ಎಂಬ ರೋಬೋಟಿಗೆ ಸಾವೇ ಇಲ್ಲ. ಹೊಡೆದರೆ ಒಂದಿಷ್ಟು ಹಿಂದಕ್ಕೆ ಜರುಗುತ್ತದೆ, ಅಷ್ಟೇ. ಅದು ಹಾದುಹೋದ ದಾರಿಯಲ್ಲಿ ಸಿಕ್ಕ ಮನುಷ್ಯರು ಸಾಯುತ್ತಾರೆ. ಕೈಗೆ ಸಿಕ್ಕವರನ್ನು ಮನುಷ್ಯತನ ಕಳೆದುಕೊಂಡ ಜೀವಿಗಳನ್ನಾಗಿ ಮಾಡಿ ನಮ್ಮ ಮೇಲೇ ಬಿಡುವ ಬ್ರೈನ್ ಎಂಬ ರೋಬೋಟುಗಳೂ ಇವೆ. ಬದುಕಿ ಉಳಿಯುವುದಷ್ಟೇ ಗುರಿಯಾಗಿದ್ದರೆ ಒಂದು ಬದಿಗೆ ಸರಿದು ಗುಂಡು ಹಾರಿಸುತ್ತ ನಿಲ್ಲಬಹುದಿತ್ತು. ಅಗೋ, ಆ ಹುಡುಗ ಎದುರು ಮೂಲೆಯಲ್ಲಿದ್ದಾನೆ! ನಡುವೆ ಇಡೀ ಸೈನ್ಯವಿದೆ. ಓಡಿ ತಪ್ಪಿಸಿಕೊಳ್ಳುತ್ತಿದ್ದವನು ಈಗ ಅದೇ ಕಾಲಿನಲ್ಲಿ ಅಪಾಯದ ಕಡೆಗೆ ಓಡಬೇಕು. ಈ ಆಟಗಳ ಜೀವ ಇರುವುದು ಅಲ್ಲಿ ಎಂದು ನನ್ನ ನಂಬಿಕೆ. ಕೊಲ್ಲುವುದನ್ನಷ್ಟೇ ಕೊಟ್ಟ ಎಷ್ಟೋ ಶೂಟರ್‌ಗಳು ನನಗೆ ಬೇಗ ಬೇಸರ ತಂದಿವೆ.

ಹೌಸ್‌ಮಾರ್ಕ್‌ನವರು ಇದನ್ನು ಬಲ್ಲವರು. ನೆಕ್ಸ್ ಮಾಕಿನಾಕ್ಕೆ ಜಾರ್ವಿಸ್‌ರನ್ನೇ ಸಲಹೆಗಾರರಾಗಿ ಕರೆದುಕೊಂಡರು. ಅಲ್ಲಿಯೂ ಮನುಷ್ಯರು ಅಂಗಳದಲ್ಲಿ ಚದುರಿರುತ್ತಾರೆ. ಒಬ್ಬರ ಬೆನ್ನಿಗೆ ಇನ್ನೊಬ್ಬರನ್ನು ಹೊತ್ತು ಮೀರುವ ಮೊದಲೇ ಕಾಪಾಡುತ್ತ ಹೋದರೆ ಅಂಕಗಳ ಸರಪಳಿ ಬೆಳೆಯುತ್ತದೆ, ತಡವಾದರೆ ಕಡಿದುಹೋಗುತ್ತದೆ. ಗೋಡೆಯಾಚೆ ಅಡಗಿದವರೂ ಇದ್ದಾರೆ, ಹುಡುಕಬೇಕು. ಹೀಗಾಗಿ ಅದೇ ಅಂಗಳವನ್ನು ಎಷ್ಟು ಸಲ ಹೊಕ್ಕರೂ ದಾರಿ ಹೊಸದಾಗಿ ಕಾಣುತ್ತದೆ: ಮೊದಲು ಯಾರ ಬಳಿಗೆ, ಆಮೇಲೆ ಯಾರ ಬಳಿಗೆ? ಕೈ ಪಳಗಿದವರು ಇಡೀ ಆಟವನ್ನು ಒಂದು ಗಂಟೆಯೊಳಗೆ ಆಡಿ ಮುಗಿಸಬಹುದು. ನೂರು ಗಂಟೆ ಬೇಡುವ ಆಟಗಳ ಕಾಲದಲ್ಲಿ ಇದು ದೊಡ್ಡ ಗುಣ.

ಆದರೂ ಅದು ಮಾರಾಟವಾಗಲಿಲ್ಲ. ವಿಮರ್ಶಕರು ಮೆಚ್ಚಿದರು, ಕೊಳ್ಳುವವರು ಬರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಹೌಸ್‌ಮಾರ್ಕ್ ಆರ್ಕೇಡ್, ಅಂದರೆ ಅಂಕಕ್ಕಾಗಿ ಮತ್ತೆ ಮತ್ತೆ ಆಡುವ ಈ ಬಗೆಯ ಆಟ, ಸತ್ತಿದೆ ಎಂದು ಬಹಿರಂಗವಾಗಿ ಸಾರಿ, ಇಪ್ಪತ್ತೆರಡು ವರ್ಷ ರೂಢಿಸಿಕೊಂಡು ಬಂದ ಕಸುಬಿನಿಂದ ಬೇರೆ ಕಡೆಗೆ ಹೊರಳಿತು. ಆಮೇಲೆ 2021ರಲ್ಲಿ ಬಂದ ಅವರ ‘ರಿಟರ್ನಲ್’ ದೊಡ್ಡ ಆಟ. ಮರುವರ್ಷ ಬಾಫ್ತಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಆಟ ಎನಿಸಿಕೊಂಡಿತು. ಅದರಲ್ಲಿ ಶತ್ರುಗಳು ಎರಚುವ ಗುಂಡಿನ ವಿನ್ಯಾಸಗಳನ್ನು ನೋಡಿ. ಗುಂಡುಗಳ ನಡುವೆ ಸಂದು ಹುಡುಕಿ ನುಗ್ಗುವ ಹಳೆಯ ಪಾಠವೇ ಅಲ್ಲಿ ಮೂರು ಆಯಾಮದಲ್ಲಿ ನಿಂತಿದೆ. ಅವರ ಗೆಲುವು ನನಗೆ ಸಂತೋಷ ಕೊಟ್ಟಿದೆ. ಆದರೆ ಆ ಪುಟ್ಟ ಅಂಗಳದ ಆಟ ಅದಕ್ಕಿಂತ ಕಡಿಮೆಯದೇನಲ್ಲ. ನನ್ನ ಲೆಕ್ಕದಲ್ಲಿ ಅದು ಅವರು ಮಾಡಿದ್ದರಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು.

ಒಮ್ಮೆ ಆಡಿ ನೋಡಿ. ಕೀಬೋರ್ಡಿನಲ್ಲಿ ಬೇಡ, ಎರಡು ಕೋಲಿರುವ ಕಂಟ್ರೋಲರೇ ಬೇಕು. ಮೊದಲ ಅಂಗಳದಿಂದಲೇ ಮನುಷ್ಯರನ್ನು ಕಾಪಾಡಲು ಹೋಗಿ, ಅಂಕ ಆಮೇಲೆ ನೋಡಿಕೊಳ್ಳೋಣ.