ಹಳೇ ವ್ಯಾನು, ಹಿಮದ ದಾರಿ ಮತ್ತು ಒಂದು ಡಬ್ಬಿ ಎಳ್ಳು-ಬೆಲ್ಲ

"ಹದಿನೇಳು ವರ್ಷ ಹಳೇ ವ್ಯಾನಾ? ನಮ್ಮ ಮದುವೆಗಿಂತ ಹಳೇದಲ್ರೀ ಅದು!"

ನನ್ನವಳು ಹೀಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. 2006ರ ಮಾಡೆಲ್, 1,38,000 ಮೈಲಿ ಓಡಿದೆ, ಅಂದ್ರೆ ಎರಡು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದೆ. ಅಂಥದ್ದನ್ನ ದುಡ್ಡು ಕೊಟ್ಟು ತರ್ತೀನಿ ಅಂತ ಹೊರಟ ಗಂಡನಿಗೆ ಯಾವ ಹೆಂಡತಿ ತಾನೇ ಆರತಿ ಎತ್ತುತ್ತಾಳೆ?

ಆದ್ರೆ ಅದಕ್ಕೊಂದು ಹಿನ್ನೆಲೆ ಇದೆ. ನಾವಿರೋದು ಅಮೆರಿಕದ ಕೊಲೊರಾಡೋದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿ. ನಮ್ಮ ಹತ್ರ ಇದ್ದದ್ದು ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಪುಟ್ಟ ಕಾರು. 2023ರ ಫೆಬ್ರವರಿಯಲ್ಲಿ ಮಗಳಿಗೆ ಹಿಮದಲ್ಲಿ ಜಾರಾಟ ಆಡಿಸೋಣ ಅಂತ ಬೆಟ್ಟದ ಮೇಲೆ ಹೋಗಿದ್ವಿ. ವಾಪಸ್ ಬರುವಾಗ ಹೆದ್ದಾರಿ 70ರಲ್ಲಿ, ಸಿಲ್ವರ್‌ಥಾರ್ನ್ ಊರಿನಿಂದ ಐಸೆನ್‌ಹೋವರ್ ಸುರಂಗದ ಕಡೆ ಏರು ಹತ್ತುವಾಗ ಹಿಮ ಶುರುವಾಯ್ತು. ಈ ಸುರಂಗ ಇರೋದು 11,000 ಅಡಿಗೂ ಎತ್ತರದಲ್ಲಿ. ಅರ್ಧ ದಾರಿಯಲ್ಲಿ ನಮ್ಮ ಕಾರಿನ ಚಕ್ರ ಸುಮ್ಮನೆ ತಿರುಗ್ತಿದೆ, ಕಾರು ಮಾತ್ರ ಇದ್ದಲ್ಲೇ ಇದೆ. ಹಿಂದೆ ಸಾಲಾಗಿ ಲಾರಿಗಳು. ಮಗಳು ಹಿಂದಿನ ಸೀಟಿನಿಂದ "ಅಪ್ಪಾ, ನಾವು ಹಿಂದಕ್ಕೆ ಹೋಗ್ತಿದೀವಾ?" ಅಂತ ಕೇಳಿದಳು. ಹೌದು, ಒಂದೆರಡು ಅಡಿ ಹಿಂದಕ್ಕೇ ಜಾರಿದ್ವಿ. ಯಾರೋ ಪುಣ್ಯಾತ್ಮರು ಇಬ್ಬರು ಇಳಿದು ಬಂದು ತಳ್ಳಿದರು. ಅವತ್ತೇ ತೀರ್ಮಾನ ಮಾಡಿದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು ಅಂತ.

ವ್ಯಾನೇ ಯಾಕೆ? ನಮಗೆ ಕ್ಯಾಂಪಿಂಗ್ ಹುಚ್ಚು. ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಮಲಗಿ ನನ್ನ ಸೊಂಟ ಬಿದ್ದುಹೋಗಿತ್ತು. ಹಳೇದೇ ಯಾಕೆ? ಹೊಸ ಆಲ್ ವೀಲ್ ಡ್ರೈವ್ ವ್ಯಾನಿಗೆ 40 ಸಾವಿರ ಡಾಲರಿಗೂ ಮೇಲೆ. ನಮ್ಮ ಹತ್ರ ಸಾಲ ಮಾಡದೆ ಕೊಡೋಕೆ ಇದ್ದದ್ದು ಏಳು ಸಾವಿರ. ಲೆಕ್ಕ ಮುಗೀತಲ್ಲ :)

ಹುಡುಕೋಕೆ ಕೂತ ಮೇಲೆ ಗೊತ್ತಾಯ್ತು, ಇಂಥ ವ್ಯಾನುಗಳು ಬಹಳ ಇಲ್ಲ. ಷೆವರ್ಲೆ ಆಸ್ಟ್ರೋ 1990ರಿಂದ 2005ರವರೆಗೆ ಆಲ್ ವೀಲ್ ಡ್ರೈವಿನಲ್ಲಿ ಬರ್ತಿತ್ತು. ಟೊಯೋಟಾ ಸಿಯೆನ್ನಾದಲ್ಲಿ 2004ರ ಮಾಡೆಲ್ಲಿನಿಂದ ಶುರುವಾಯ್ತು. ಇನ್ನು ಜಪಾನಿನಿಂದ ತರಿಸುವ ಮಿತ್ಸುಬಿಷಿ ಡೆಲಿಕಾ. ಅಮೆರಿಕಕ್ಕೆ ಅದು ಬರಬೇಕಾದ್ರೆ 25 ವರ್ಷ ತುಂಬಿರಬೇಕು ಅನ್ನೋದು ನಿಯಮ. ಅದರ ಸ್ಟೀರಿಂಗ್ ನಮ್ಮೂರಿನ ಥರ ಬಲಗಡೆ! ನೋಡಿದ ಕೂಡಲೇ ಮನಸ್ಸು ಹಾರಿತು. ಆದ್ರೆ ಒಂದು ಬಿಡಿಭಾಗ ಬೇಕಂದ್ರೂ ಸಮುದ್ರದಾಚೆ ನೋಡ್ತಾ ಕೂರಬೇಕು. ಆಸೆಯನ್ನ ಅಲ್ಲೇ ಮಡಚಿಟ್ಟೆ.

ಮೊದಲು ನೋಡಿದ ವ್ಯಾನ್ ಬೇರೊಂದು ಕಂಪನಿಯದ್ದು, ಮಿರಮಿರ ಅಂತಿತ್ತು. ಮಾರುವವನು ಭರ್ಜರಿಯಾಗಿ ತೊಳೆಸಿದ್ದ. ಹೋಗೋ ಮುಂಚೆ ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ಇಪ್ಪತ್ತಾರು ವರ್ಷ ಖಾಸಗಿ ಮಿನಿ ಬಸ್ಸಿನ ಡ್ರೈವರ್, ಆಗುಂಬೆ ಘಾಟಿಯಲ್ಲಿ ದಿನಾ ಹತ್ತಿ ಇಳಿದವರು. "ತೊಳೆದ ಗಾಡಿ ನೋಡಬೇಡ ಮಾರಾಯ, ಅಡಿಗೆ ಮಲಗಿ ನೋಡು" ಅಂದಿದ್ರು. ಮಲಗಿ ನೋಡಿದೆ. ಹಿಂದಿನ ಡಿಫರೆನ್ಷಿಯಲ್ಲಿನ ಸುತ್ತ ಆಯಿಲ್ ಒಸರಿ ಧೂಳು ಮೆತ್ತಿಕೊಂಡಿತ್ತು. ಟೈರುಗಳಲ್ಲಿ ಎರಡು ಹೊಸದು, ಎರಡು ಬೋಳು.

ಇದು ಯಾಕೆ ಮುಖ್ಯ ಅಂತ ಹೇಳ್ಬೇಕು. ಆಲ್ ವೀಲ್ ಡ್ರೈವಿನಲ್ಲಿ ನಾಲ್ಕೂ ಟೈರು ಒಂದೇ ಸಮ ಸವೆದಿರಬೇಕು. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಅದು ಹೊಸದಕ್ಕಿಂತ ಜಾಸ್ತಿ ಸಲ ಸುತ್ತುತ್ತೆ. ಮುಂದಿನ ಹಿಂದಿನ ಚಕ್ರಗಳ ಈ ವ್ಯತ್ಯಾಸವನ್ನ ಮಧ್ಯೆ ಇರುವ ಜೋಡಣೆ ಹಗಲೂ ರಾತ್ರಿ ಸಹಿಸಬೇಕು. ಅದು ಬಿಸಿಯಾಗಿ, ಕೊನೆಗೊಂದು ದಿನ ಹಾಳಾಗುತ್ತೆ. ಖಾಲಿ ಜಾಗದಲ್ಲಿ, ಒಣ ನೆಲದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು ಹೊಡೆದೆ. ಗಾಡಿ ಯಾರೋ ಹಿಡಿದು ಎಳೆದ ಹಾಗೆ ಗಡಗಡ ಅಂತು. ಕೈ ಮುಗಿದು ಬಂದೆ.

ಎರಡನೆಯದು ಈ ಸಿಯೆನ್ನಾ. ಮಾರಾಟಕ್ಕಿಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ಬಂಪರ್ ಮೇಲೆ ಗೀರು, ಸೀಟಿನ ಮೇಲೆ ಕಾಫಿ ಕಲೆ. ಆದ್ರೆ ಮೇಷ್ಟ್ರು ಒಳಗಿಂದ ಒಂದು ದಪ್ಪ ಫೈಲ್ ತಂದು ಕೈಗಿಟ್ಟರು. ಹದಿನೇಳು ವರ್ಷದ ಪ್ರತಿ ಆಯಿಲ್ ಬದಲಾವಣೆಯ ರಸೀದಿ, ತಾರೀಕಿನ ಪ್ರಕಾರ ಜೋಡಿಸಿಟ್ಟದ್ದು! 2006ರದ್ದರಲ್ಲಿ 3.3 ಲೀಟರಿನ ವಿ6 ಎಂಜಿನ್, ಅದಕ್ಕೆ ಟೈಮಿಂಗ್ ಬೆಲ್ಟ್ ಇರುತ್ತೆ. 90,000 ಮೈಲಿಗೆ ಬದಲಾಯಿಸಬೇಕು. (2007ರಿಂದ ಬಂದ 3.5 ಲೀಟರಿನದಕ್ಕೆ ಚೈನು, ಈ ತಲೆನೋವಿಲ್ಲ.) ಫೈಲಿನಲ್ಲಿ 92,000ಕ್ಕೆ ಬೆಲ್ಟ್ ಹಾಕಿಸಿದ ರಸೀದಿ ಇತ್ತು. ನನಗೆ ಗೊತ್ತಿದ್ದ ಮೆಕ್ಯಾನಿಕ್ ಹತ್ರ 150 ಡಾಲರ್ ಕೊಟ್ಟು ಲಿಫ್ಟ್ ಮೇಲೆ ಏರಿಸಿ ನೋಡಿಸಿದೆ. ತುಕ್ಕು ಕಡಿಮೆ, ಆಯಿಲ್ ಸೋರಿಕೆ ಇಲ್ಲ, ಸುತ್ತು ಹೊಡೆದ್ರೆ ಸದ್ದಿಲ್ಲ. 6,200 ಡಾಲರಿಗೆ ಮಾತು ಮುಗೀತು.

ಬೀಳ್ಕೊಡುವಾಗ ಮೇಷ್ಟ್ರು ಒಂದು ಮಾತು ಹೇಳಿದ್ರು. "ನಾಲ್ಕೂ ಟೈರು ಸಮ ಇದೆ, ಬೇಸಿಗೆಗೆ ಸಾಕು. ಹಿಮ ಬೀಳೋ ಮುಂಚೆ ಬದಲಾಯಿಸಿಬಿಡಿ."

ಅಪ್ಪನಿಗೆ ವಿಡಿಯೋದಲ್ಲಿ ಗಾಡಿ ತೋರಿಸಿದೆ. ಬಾನೆಟ್ ತೆಗೆಸಿದ್ರು, ಆಯಿಲ್ ಕಡ್ಡಿ ಒರೆಸಿ ತೋರಿಸು ಅಂದ್ರು. ಆಮೇಲೆ "ಸ್ಟೆಪ್ನಿ ಎಲ್ಲಿ?" ಅಂದ್ರು. ಈ ಗಾಡಿಗೆ ಸ್ಟೆಪ್ನಿ ಇಡೋಕೆ ಜಾಗವೇ ಇಲ್ಲ, ಅದಕ್ಕೇ ಕಂಪನಿಯವರು ಪಂಕ್ಚರಾದ್ರೂ ಸ್ವಲ್ಪ ದೂರ ಓಡುವ ರನ್-ಫ್ಲಾಟ್ ಟೈರು ಕೊಡ್ತಿದ್ರು, ಮೇಷ್ಟ್ರು ಅದನ್ನ ತೆಗೆಸಿ ಮಾಮೂಲಿ ಟೈರು ಹಾಕಿಸಿದ್ದಾರೆ ಅಂದೆ. ಸ್ಟೆಪ್ನಿ ಇಲ್ಲದ ಗಾಡಿಯನ್ನ ಅಪ್ಪ ಜೀವಮಾನದಲ್ಲೇ ನೋಡಿರಲಿಲ್ಲ. ಪಂಕ್ಚರ್ ಕಿಟ್ಟು, ಗಾಳಿ ಹೊಡೆಯೋ ಪಂಪು ಕೊಂಡಿದೀನಿ ಅಂತ ತೋರಿಸಿದ ಮೇಲೆ ಸುಮ್ಮನಾದ್ರು.

"ಬಟನ್ ಹೆಂಗಿದೆ?"

ಟೈರಿನ ಮೇಲಿನ ಹಲ್ಲಿಗೆ ನಮ್ಮ ಕಡೆ ಬಟನ್ ಅಂತಾರಲ್ಲ, ಅದು. ಅಳತೆ ಕಡ್ಡಿ ಹಾಕಿ ನೋಡಿದ್ದೆ. 32ರಲ್ಲಿ 5 ಭಾಗ ಇಂಚು, ನಾಲ್ಕು ಮಿಲಿಮೀಟರ್.

"ಚೆನ್ನಾಗಿದೆ ಅಪ್ಪಾ, ಹೊಸದರ ಥರಾನೇ ಇದೆ" ಅಂದೆ.

ಯಾಕೆ ಹಾಗಂದೆ ಅಂತ ಈಗಲೂ ಯೋಚಿಸ್ತೀನಿ. ಗಾಡಿ ಚೆನ್ನಾಗಿ ಆರಿಸಿದ್ದೀಯ ಅಂತ ಅಪ್ಪ ಹೇಳ್ಲಿ ಅನ್ನೋ ಆಸೆ ಇರಬೇಕು. ನಲವತ್ತರ ಹತ್ರ ಬಂದ್ರೂ ಆ ಆಸೆ ಹೋಗಲ್ಲ ನೋಡಿ.

ಅಕ್ಟೋಬರಿನಲ್ಲಿ ಮೊದಲ ಕ್ಯಾಂಪಿಂಗ್, ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ಗೆ. ಮನೆಯಿಂದ ನಾಲ್ಕು ಗಂಟೆ ದಾರಿ. 700 ಅಡಿಗೂ ಮೀರಿದ ಮರಳ ಗುಡ್ಡಗಳು, ಹಿಂದೆ ಹಿಮ ಹೊದ್ದ ಪರ್ವತ. ಮಧ್ಯದ ಸೀಟು ಮನೆಯಲ್ಲೇ ಬಿಚ್ಚಿಟ್ಟರೆ, ಹಿಂದಿನದು ನೆಲದೊಳಕ್ಕೆ ಮಡಚಿಕೊಳ್ಳುತ್ತೆ. ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಸಲೀಸಾಗಿ ಕೂರುತ್ತೆ. ಆದ್ರೆ ಅಲ್ಲಿಯವರೆಗೆ ಮಗಳನ್ನ ಎಲ್ಲಿ ಕೂರಿಸೋದು? ಕೊನೆಗೆ ಒಂದು ಮಧ್ಯದ ಸೀಟು ಉಳಿಸಿ, ರಾತ್ರಿ ಅದನ್ನ ಮುಂದಕ್ಕೆ ಮಡಚಿ, ಕತ್ತರಿಸಿದ ಪ್ಲೈವುಡ್ ಮೇಲೆ ಹಾಸಿಗೆ ಹಾಸಿ, ಮೂರೂ ಜನ ಮತ್ತಿಯ ಮೀನಿನ ಥರ ಒತ್ತಿಕೊಂಡು ಮಲಗಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಗಾಜಿನಿಂದ ಒಳಗೇ ನೀರು ಇಳೀತಿದೆ. ನಮ್ಮದೇ ಉಸಿರು! ಎಷ್ಟೇ ಚಳಿ ಇರಲಿ, ಕಿಟಕಿ ಒಂದು ಬೆರಳು ತೆಗೆದಿಡಬೇಕು ಅಂತ ಅವತ್ತು ಕಲಿತೆವು. ನನ್ನವಳು ಮರಳ ಮೇಲೆ ಬಿಸಿಲು ಬೀಳೋದನ್ನ ನೋಡ್ತಾ, ಕೈಯಲ್ಲಿ ಕಾಫಿ ಹಿಡಿದು, "ಪರವಾಗಿಲ್ಲ ರೀ ನಿಮ್ಮ ವ್ಯಾನು" ಅಂದಳು. ಗೆದ್ದೆ ಅಂದ್ಕೊಂಡೆ.

ಟೈರು? ನಾಲ್ಕಕ್ಕೆ 800 ಡಾಲರ್ ಹೇಳಿದ್ರು. ಮುಂದಿನ ತಿಂಗಳು ಹಾಕ್ಸೋಣ ಅಂತ ನವೆಂಬರ್ ಹೋಯ್ತು, ಡಿಸೆಂಬರೂ ಹೋಯ್ತು. ಊರೊಳಗೆ ಬಿದ್ದ ಅಲ್ಪಸ್ವಲ್ಪ ಹಿಮದಲ್ಲಿ ಗಾಡಿ ಆನೆ ಥರ ಹೋಗ್ತಿತ್ತು. ನಾಲ್ಕೂ ಚಕ್ರ ಎಳೀತಿರುವಾಗ ಇನ್ನೇನು?

2024ರ ಸಂಕ್ರಾಂತಿ ಸೋಮವಾರ, ರಜೆ ಬೇರೆ. ಗ್ರ್ಯಾಂಡ್ ಜಂಕ್ಷನ್ನಿನಲ್ಲಿರುವ ಗೆಳೆಯನ ಮನೆಗೆ ಹಬ್ಬಕ್ಕೆ ಅಂತ ಶನಿವಾರವೇ ಹೊರಟ್ವಿ. ನನ್ನವಳು ಎರಡು ದಿನ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿ ದೊಡ್ಡ ಡಬ್ಬಿ ತುಂಬ ಎಳ್ಳು-ಬೆಲ್ಲ ಮಾಡಿದ್ದಳು. ಬೆಟ್ಟದಲ್ಲಿ ಭಾರೀ ಹಿಮ ಅಂತ ಗೊತ್ತಿತ್ತು. ಆದ್ರೂ ಏರಿನಲ್ಲಿ ನಮ್ಮ ವ್ಯಾನ್ ಏನು ಹತ್ತಿತು ಅಂತೀರಿ! ಪಕ್ಕದಲ್ಲಿ ಚಕ್ರ ತಿರುಗಿಸ್ತಾ ನಿಂತ ಪುಟ್ಟ ಕಾರುಗಳನ್ನ ದಾಟಿ ಹೋಗುವಾಗ ಒಳಗೊಳಗೇ ಜಂಬ ಕೂಡ.

ಸುರಂಗ ದಾಟಿದ್ವಿ. ಈಗ ಸಿಲ್ವರ್‌ಥಾರ್ನ್ ಕಡೆ ಇಳಿಜಾರು. ಕೆಲವು ಕಡೆ ನೂರಕ್ಕೆ ಏಳರಷ್ಟು ಇಳಿಜಾರು. ಹಿಂದಿನ ವರ್ಷ ಹತ್ತಲಾಗದೆ ನಿಂತ ಅದೇ ಗುಡ್ಡ. ಮುಂದೆ ಲಾರಿಯೊಂದರ ಕೆಂಪು ದೀಪ ಹತ್ತಿತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿ ಗುರ್ ಗುರ್ ಅಂತ ನಡುಗಿತು, ಗಾಡಿ ಮಾತ್ರ ತನ್ನ ಪಾಡಿಗೆ ಹೋಗ್ತಾನೇ ಇದೆ. ಕೂಗೋಕೂ ಆಗಲಿಲ್ಲ. ಕೆಳಗಿನ ಗೇರಿಗೆ ಹಾಕಿ, ರಸ್ತೆಯಂಚಿನ ಹಿಮದ ರಾಶಿ ಕಡೆ ಸ್ಟೀರಿಂಗ್ ಸ್ವಲ್ಪ ತಿರುಗಿಸಿದೆ. ಬಲಗಡೆಯ ಚಕ್ರಗಳು ಮೆತ್ತನೆ ಹಿಮಕ್ಕೆ ಹೊಕ್ಕು ಗಾಡಿ ನಿಂತಿತು. ಲಾರಿಗೂ ನಮಗೂ ಒಂದು ಮೊಳ ಅಂತರ.

ಯೋಚನೆ ಮಾಡಿದ್ರೆ ಸಣ್ಣ ಮಕ್ಕಳಿಗೂ ಅರ್ಥವಾಗೋ ಲೆಕ್ಕ. ಆಲ್ ವೀಲ್ ಡ್ರೈವ್ ಗಾಡಿಯನ್ನ ಮುಂದಕ್ಕೆ ತಳ್ಳುತ್ತೆ ಅಷ್ಟೇ. ಬ್ರೇಕು ಎಲ್ಲಾ ಕಾರಿಗೂ ನಾಲ್ಕೂ ಚಕ್ರಕ್ಕೇ ಇರೋದು. ಅಲ್ಲಿ ನಮಗೇನೂ ಹೆಚ್ಚುಗಾರಿಕೆ ಇಲ್ಲ. ನಿಲ್ಲಿಸೋದು ಟೈರು. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗ್ತಾ ಹೋಗುತ್ತೆ. ಬೆಟ್ಟ ಮತ್ತು ಹಿಮಹಳಕಿನ ಗುರುತಿರುವ ಚಳಿಗಾಲದ ಟೈರು ಮೆತ್ತಗೇ ಉಳಿದು ಹಿಡಿಯುತ್ತೆ. ಇನ್ನೊಂದು ವಿಷಯ, ಈ ದಾರಿಯಲ್ಲಿ ಚಳಿಗಾಲದಲ್ಲಿ ಟೈರಿನ ಹಲ್ಲು ಕನಿಷ್ಠ 16ರಲ್ಲಿ 3 ಭಾಗ ಇಂಚು, ಅಂದ್ರೆ ಸುಮಾರು 4.8 ಮಿಲಿಮೀಟರ್ ಇರಬೇಕು ಅಂತ ಕೊಲೊರಾಡೋದ ಕಾನೂನೇ ಇದೆ. ಆಲ್ ವೀಲ್ ಡ್ರೈವಿಗೆ ಅದರಲ್ಲಿ ವಿನಾಯಿತಿ ಇಲ್ಲ. ನಾನು ಇದೆ ಅಂದ್ಕೊಂಡಿದ್ದೆ.

ಸಿಲ್ವರ್‌ಥಾರ್ನ್ ತಲುಪಿದಾಗ ಮುಂದಿನ ವೇಲ್ ಪಾಸ್ ದಾರಿ ಮುಚ್ಚಿತ್ತು, ಹೋಟೆಲುಗಳಲ್ಲಿ ರೂಮಿಲ್ಲ. ಒಂದು ಪೆಟ್ರೋಲ್ ಬಂಕಿನವನನ್ನ ಕೇಳಿ ಅವನ ಜಾಗದಲ್ಲೇ ವ್ಯಾನ್ ನಿಲ್ಲಿಸಿದ್ವಿ. ಸ್ಲೀಪಿಂಗ್ ಬ್ಯಾಗು, ರಗ್ಗು ಎಲ್ಲಾ ಇತ್ತು. ರಾತ್ರಿ ಎರಡು ಸಲ ಇಳಿದು, ಸೈಲೆನ್ಸರ್ ಪೈಪಿನ ಸುತ್ತ ಹಿಮ ಕೆರೆದು, ಹತ್ತು ನಿಮಿಷ ಎಂಜಿನ್ ಓಡಿಸಿ ಮತ್ತೆ ಆರಿಸಿದೆ. ಪೈಪು ಹಿಮದಲ್ಲಿ ಮುಚ್ಚಿಹೋದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತೆ, ವಾಸನೆ ಕೂಡ ಇರಲ್ಲ. ಅದಕ್ಕೊಂದು ಅಲಾರಂ ಮಾತ್ರ ಮೊದಲ ದಿನವೇ ಕೊಂಡಿದ್ದೆ, ಅಷ್ಟು ಬುದ್ಧಿ ಇತ್ತು.

ಊಟಕ್ಕೆ ಬೇರೇನೂ ಇರಲಿಲ್ಲ. ಗೆಳೆಯನಿಗೆ ಅಂತ ಒಯ್ತಿದ್ದ ಡಬ್ಬಿ ತೆಗೆದ್ವಿ. ಮಗಳು ಕನ್ನಡ ಶಾಲೆಯಲ್ಲಿ ಕಲಿತದ್ದನ್ನ ನೆನಪಿಸಿಕೊಂಡು, ನಮ್ಮಿಬ್ಬರ ಕೈಗೂ ಒಂದೊಂದು ಹಿಡಿ ಹಾಕಿ, "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅಂದಳು. ಅಲ್ಲಿಯವರೆಗೆ ನನ್ನವಳು ಒಂದು ಮಾತೂ ಆಡಿರಲಿಲ್ಲ.

"ಒಳ್ಳೇ ಮಾತು ಟೈರ್ ಹಾಕಿಸಿದ ಮೇಲೆ" ಅಂದಳು.

ಭಾನುವಾರ ಅಲ್ಲೇ ಒಂದು ಅಂಗಡಿ ತೆಗೆದಿತ್ತು. ನಾಲ್ಕು ಚಳಿಗಾಲದ ಟೈರು, 940 ಡಾಲರ್. ಹಾಕಿಸಿದ ಮೇಲೆ ಖಾಲಿ ಜಾಗದಲ್ಲಿ ಹಿಮದ ಮೇಲೆ ಬ್ರೇಕ್ ಹಾಕಿ ನೋಡಿದೆ. ಬೇರೆಯೇ ಗಾಡಿ. ಆದ್ರೂ ಮುಂದಕ್ಕೆ ಹೋಗಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ರಸ್ತೆಯ ಹಿಮ ಬಾಚಿದ ಮೇಲೆ ನಿಧಾನಕ್ಕೆ ಮನೆ ಕಡೆ ತಿರುಗಿಸಿದೆ.

ಹಬ್ಬದ ದಿನ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಬಟನ್ ವಿಷಯದಲ್ಲಿ ಸುಳ್ಳು ಹೇಳಿದ್ದನ್ನೂ. ಬೈಗುಳಕ್ಕೆ ಕಾದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಯಾವತ್ತೂ ಕೇಳಿರದ ಒಂದು ಕತೆ ಹೇಳಿದ್ರು. ನಾನು ಹುಟ್ಟುವ ಮುಂಚೆ, ಒಂದು ಮಳೆಗಾಲದ ಸಂಜೆ, ಆಗುಂಬೆ ಘಾಟಿಯ ಮೇಲೆ ಬ್ರೇಕು ಯಾಕೋ ಸರಿ ಅನ್ನಿಸದೆ ಬಸ್ಸು ನಿಲ್ಲಿಸಿ ಇಳಿದುಬಿಟ್ಟರಂತೆ. ಕೆಳಗೆ ಹದಿನಾಲ್ಕು ತಿರುವು. ಒಳಗೆ ಮೂವತ್ತು ಜನ, ಬಾಯಿಗೆ ಬಂದ ಹಾಗೆ ಬೈದರಂತೆ. ಮಾಲೀಕರು ಎರಡು ದಿನದ ಸಂಬಳ ಹಿಡಿದರಂತೆ.

"ಬೈದೋರೆಲ್ಲ ತಡ ಆಗಿ ಮನೆಗೆ ಹೋಗಿ ಊಟ ಮಾಡಿದ್ರು" ಅಂದ್ರು ಅಪ್ಪ. "ಗಾಡಿ ಹೋಗೋದು ಎಂತ ದೊಡ್ಡ ವಿಷಯ ಮಾರಾಯ. ನಿಲ್ಲಬೇಕು."

ಆಮೇಲೆ ಕೇಳಿದ್ರು, "ಈಗ ಬಟನ್ ಹೆಂಗಿದೆ?" ಈ ಸಲ ಅಳತೆ ಕಡ್ಡಿ ಇಟ್ಟು, ಕ್ಯಾಮೆರಾ ಹತ್ರ ಹಿಡಿದು ತೋರಿಸಿದೆ.

ವ್ಯಾನ್ ಚೆನ್ನಾಗಿದೆ. ಗ್ಯಾಲನ್ನಿಗೆ 18 ಮೈಲಿ, ಅಂದ್ರೆ ಲೀಟರಿಗೆ ಏಳೂವರೆ ಕಿಲೋಮೀಟರ್ ಕೊಡುತ್ತೆ, ಅದೊಂದು ಹೊಟ್ಟೆ ಉರಿ. ಮೇಷ್ಟ್ರ ಫೈಲಿಗೆ ನನ್ನ ರಸೀದಿಗಳೂ ಸೇರ್ತಿವೆ. ಟೈರಿನ ರಸೀದಿ ಎಲ್ಲಕ್ಕಿಂತ ಮೇಲೆ. ಅದನ್ನ ಅಲ್ಲಿಟ್ಟವಳು ನನ್ನವಳು :)

ನಿಮ್ಮಲ್ಲೂ ಯಾರಾದ್ರೂ ಹಳೇ ಗಾಡಿ ತಗೊಂಡು ಬೈಸಿಕೊಂಡಿದ್ರೆ ಹೇಳಿ, ನಾನೊಬ್ಬನೇ ಅಲ್ಲ ಅಂತ ಮನೆಯಲ್ಲಿ ತೋರಿಸಬೇಕು.