ಅತ್ತೆಯ ಕಿವಿಗೂ ಬೀಳುವ ಮಾತು

ಪ್ರೀತಿಯೆಂದು ಇನ್ನೂ ಹೆಸರಿಡಲಾಗದ, ಬರಿಯ ಪರಿಚಯವೆಂದು ತಳ್ಳಿಹಾಕಲೂ ಆಗದ ಹಂತದಲ್ಲಿ ಹೆಣ್ಣುಗಂಡುಗಳ ನಡುವೆ ನಡೆಯುವ ನೋಟ, ನಗೆ, ಕೀಟಲೆ, ಮಾತುಗಳ ಆಟಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಬರವಿರುವುದು ಅವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಒಂದು ಪದಕ್ಕೆ. ಸರಸ, ಸಲ್ಲಾಪ, ಬಿನ್ನಾಣ, ಒಯ್ಯಾರ, ಕಣ್ಸನ್ನೆ, ಲಲ್ಲೆ, ಹುಸಿಮುನಿಸು, ಚೆಲ್ಲಾಟ ಎಂದು ಸಾಲಾಗಿ ಬರೆದರೆ ಇವು ಸಮಾನಾರ್ಥಕಗಳೆಂಬ ಭ್ರಮೆ ಹುಟ್ಟುತ್ತದೆಯಾದರೂ ಪ್ರತಿಯೊಂದೂ ಬೇರೆ ಬೇರೆ ಜಾಗದಲ್ಲಿ ನಿಂತು ಆಡಿದ ಮಾತು. ಸರಸಕ್ಕೆ ಇಬ್ಬರು ಬೇಕು, ಒಯ್ಯಾರಕ್ಕೆ ಒಬ್ಬಳು ಮತ್ತು ಒಂದು ಕನ್ನಡಿ ಸಾಕು. ಚೆಲ್ಲಾಟವೆಂಬ ಪದವನ್ನಂತೂ ಆಡುವವರು ಎಂದೂ ಬಳಸುವುದಿಲ್ಲ, ಕಿಟಕಿಯಿಂದ ಕಂಡ ಪಕ್ಕದ ಮನೆಯವರು ಬಳಸುತ್ತಾರೆ. ಒಂದು ಭಾವದ ಪದಕೋಶದೊಳಕ್ಕೆ ಪಕ್ಕದ ಮನೆಯವರೂ ಹೀಗೆ ಸೇರಿಕೊಂಡಿರುವುದು ಆಕಸ್ಮಿಕವೆನ್ನಲಾಗದು. ಇಬ್ಬರ ನಡುವಿನ ಗುಟ್ಟೆಂದು ತೋರುವ ಈ ವ್ಯವಹಾರವು ಯಾವ ರೂಪ ತಾಳುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಅದನ್ನು ಕೇಳಿಸಿಕೊಳ್ಳಬಹುದಾದ ಮೂರನೆಯವರು.

ಇದಕ್ಕೆ ಅತ್ಯಂತ ಹಳೆಯ ಮತ್ತು ಅತ್ಯಂತ ಸೊಗಸಾದ ಸಾಕ್ಷ್ಯ ದೊರೆಯುವುದು ಕಾಮಶಾಸ್ತ್ರದಲ್ಲಿ ಎಂದು ಯಾರಾದರೂ ಊಹಿಸಿದರೆ ತಪ್ಪಿಲ್ಲ. ಆದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿರುವುದು ಕಾವ್ಯಮೀಮಾಂಸೆಯಲ್ಲಿ. ಒಂಬತ್ತನೆಯ ಶತಮಾನದಲ್ಲಿ, ಕಾಶ್ಮೀರವನ್ನು ಅವಂತಿವರ್ಮನು ಆಳುತ್ತಿದ್ದ ಕಾಲದಲ್ಲಿದ್ದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದಲ್ಲಿ, ಪದಗಳು ನೇರವಾಗಿ ಹೇಳುವ ವಾಚ್ಯಾರ್ಥದಾಚೆಗೆ, ಹೇಳದೆಯೇ ಹೊಳೆಯಿಸುವ ಇನ್ನೊಂದು ಅರ್ಥವಿದೆಯೆಂದೂ ವ್ಯಂಗ್ಯಾರ್ಥವೆನಿಸಿಕೊಳ್ಳುವ ಅದೇ ಪ್ರಧಾನವಾಗಿರುವ ಕಾವ್ಯವು ಧ್ವನಿಯೆಂದೂ ಪ್ರತಿಪಾದಿಸಿದನು. ಇಷ್ಟು ಘನವಾದ ಸಿದ್ಧಾಂತವನ್ನು ಸ್ಥಾಪಿಸಲು ಅವನು ಮೊದಲಿಗೆ ಕೈಹಾಕುವ ಉದಾಹರಣೆಗಳು ವೇದದವೂ ಅಲ್ಲ, ರಾಮಾಯಣದವೂ ಅಲ್ಲ. ಶಾತವಾಹನ ದೊರೆ ಹಾಲನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಗಾಥಾಸಪ್ತಶತಿ’ಯೆಂಬ ಪ್ರಾಕೃತ ಸಂಕಲನದಲ್ಲಿ ಬರುವ, ಹಳ್ಳಿಯ ಹೆಣ್ಣುಗಳ ಜಾಣ ಮಾತುಗಳು ಅವು. ಒಂದರಲ್ಲಿ, ಗೋದಾವರಿಯ ದಡದ ಪೊದೆಯಲ್ಲಿ ಪ್ರಿಯನನ್ನು ಗುಟ್ಟಾಗಿ ಕೂಡುವವಳೊಬ್ಬಳು, ಅದೇ ಜಾಗಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅಡ್ಡಿಯಾಗುವ ಧಾರ್ಮಿಕನೊಬ್ಬನಿಗೆ, ಅವನನ್ನು ಹೆದರಿಸುತ್ತಿದ್ದ ನಾಯಿ ಸತ್ತಿತು, ಇನ್ನು ನಿಶ್ಚಿಂತೆಯಾಗಿ ಓಡಾಡಬಹುದು ಎಂದು ಅಭಯ ನೀಡುತ್ತಾಳೆ. ನಾಯಿಯನ್ನು ಕೊಂದದ್ದು ಆ ಪೊದೆಯಲ್ಲೇ ಬೀಡುಬಿಟ್ಟಿರುವ ಸಿಂಹವೆಂಬ ಸುದ್ದಿಯನ್ನೂ ಸೇರಿಸುತ್ತಾಳೆ. ಮಾತು ಸ್ವಾಗತದ್ದು, ಅರ್ಥ ನಿಷೇಧದ್ದು.

ಇನ್ನೊಂದು ಇದರ ತಿರುವು. ಗಂಡ ದೂರದೂರಿಗೆ ಹೋಗಿರುವ ಮನೆಯಲ್ಲಿ ರಾತ್ರಿ ತಂಗಲು ಬಂದ ದಾರಿಹೋಕನಿಗೆ ಸೊಸೆಯು ಅತ್ತೆ ಮಲಗುವ ಜಾಗವನ್ನೂ ತಾನು ಮಲಗುವ ಜಾಗವನ್ನೂ ಹಗಲಿನಲ್ಲೇ ತೋರಿಸಿ, ಇರುಳುಗುರುಡನಾದ ಅವನು ಕತ್ತಲಲ್ಲಿ ತಡವರಿಸಿ ತಮ್ಮ ಹಾಸಿಗೆಯ ಮೇಲೆ ಬೀಳದಿರಲೆಂದು ಎಚ್ಚರಿಸುತ್ತಾಳೆ. ಅತ್ತೆಯ ಕಿವಿಗೆ ಇದು ಮರ್ಯಾದಸ್ಥ ಸೊಸೆಯ ಮುನ್ನೆಚ್ಚರಿಕೆಯಾಗಿ ಕೇಳಿಸಿದರೆ, ದಾರಿಹೋಕನ ಕಿವಿಗೆ ಹಾಸಿಗೆಯ ವಿಳಾಸವೇ ತಲುಪುತ್ತದೆ. ಕ್ರಿಸ್ತಶಕ 1000ದ ಆಸುಪಾಸಿನಲ್ಲಿ ‘ಧ್ವನ್ಯಾಲೋಕ’ಕ್ಕೆ ‘ಲೋಚನ’ವೆಂಬ ವ್ಯಾಖ್ಯಾನ ಬರೆದ ಅಭಿನವಗುಪ್ತನು ಇಲ್ಲೊಂದು ಸೂಕ್ಷ್ಮವನ್ನು ಗುರುತಿಸುತ್ತಾನೆ: ಅವಳು ‘ನನ್ನ’ ಎನ್ನದೆ ‘ನಮ್ಮಿಬ್ಬರ’ ಎಂಬರ್ಥದ ಪದವನ್ನು ಬಳಸಿರುವುದು, ತನ್ನೊಬ್ಬಳ ಹಾಸಿಗೆಯನ್ನು ಬೇರೆಯಾಗಿ ಹೆಸರಿಸಿದ್ದರೆ ಅಷ್ಟರಿಂದಲೇ ಸಂಶಯ ಹುಟ್ಟುತ್ತಿತ್ತೆಂಬ ಕಾರಣಕ್ಕಾಗಿ. ಶೈವದರ್ಶನದ ಶಿಖರದಲ್ಲಿ ನಿಂತ ಆಚಾರ್ಯನೊಬ್ಬನು ಹಳ್ಳಿಯ ಸೊಸೆಯ ಸರ್ವನಾಮದ ಜಾಣತನಕ್ಕೆ ಹೀಗೆ ತಲೆದೂಗುವ ದೃಶ್ಯವು ಶಾಸ್ತ್ರಗಳು ಒಣಗಿದವೆಂದು ನಂಬಿದವರಿಗೆ ಒಳ್ಳೆಯ ಔಷಧ. ಆ ಗಾಥೆಯ ಆರಂಭದಲ್ಲಿರುವ ‘ಅತ್ತಾ’ ಎಂಬ ಪ್ರಾಕೃತ ಪದವನ್ನು ಕನ್ನಡದ ‘ಅತ್ತೆ’ಯೊಂದಿಗೆ ಹೊಂದಿಸಿ ನೋಡಿದ ವಿದ್ವಾಂಸರೂ ಇದ್ದಾರೆ, ಹಾಗಿದ್ದಲ್ಲಿ ಸರಸದ ಈ ಪ್ರಸಿದ್ಧ ಪ್ರಸಂಗದಲ್ಲಿ ದ್ರಾವಿಡ ನುಡಿಗಳ ಕೊಡುಗೆ ಅಡ್ಡಿಯಾಗಿ ಮಲಗಿರುವ ಆ ಮುದುಕಿಯೇ ಎನ್ನಬೇಕಾಗುತ್ತದೆ. ಅವಳಿಲ್ಲದಿದ್ದರೆ ಸೊಸೆ ನೇರವಾಗಿಯೇ ಮಾತಾಡಿಬಿಡುತ್ತಿದ್ದಳು, ಆನಂದವರ್ಧನನಿಗೆ ಉದಾಹರಣೆಯೊಂದು ಕಡಿಮೆಯಾಗುತ್ತಿತ್ತು.

ಒಳಮಾತಿನ ಪ್ರಯೋಜನವು ಮೂರನೆಯವರನ್ನು ವಂಚಿಸುವುದಕ್ಕಷ್ಟೇ ಸೀಮಿತವಲ್ಲ. ದಾರಿಹೋಕನಿಗೆ ಮನಸ್ಸಿಲ್ಲದಿದ್ದರೆ ಅವನು ಎಚ್ಚರಿಕೆಯನ್ನು ಎಚ್ಚರಿಕೆಯಾಗಿಯೇ ಸ್ವೀಕರಿಸಿ, ಹೊದ್ದು ಮಲಗಿ, ಬೆಳಗ್ಗೆ ವಂದಿಸಿ ಹೊರಡಬಹುದು. ಕರೆದವಳ ಮುಖವೂ ಉಳಿಯಿತು, ಒಲ್ಲದವನ ಮುಖವೂ ಉಳಿಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿನ್ನಾಣವನ್ನು ಕುರಿತು ಬರೆದ ಪ್ರಬಂಧದಲ್ಲಿ, ಈ ಆಟದ ಸೆಳೆತವೆಲ್ಲ ಹೌದು ಮತ್ತು ಇಲ್ಲಗಳನ್ನು ಒಂದೇ ಚಲನೆಯಲ್ಲಿ ಹಿಡಿದಿಡುವುದರಲ್ಲಿದೆಯೆಂದು ವಿವೇಚಿಸಿದನು. ದುಷ್ಯಂತನ ಮುಂದೆ ಶಕುಂತಲೆಯು ಮಾಡುವುದೂ ಇದನ್ನೇ: ಗೆಳತಿಯರೊಡನೆ ಹೊರಟವಳು ದರ್ಭೆಯ ಮೊನೆ ಕಾಲಿಗೆ ಚುಚ್ಚಿತೆಂದೂ ನಾರುಡೆ ಗೋರಂಟಿಯ ಕೊಂಬೆಗೆ ಸಿಕ್ಕಿತೆಂದೂ ನೆಪ ಹೂಡಿ ನಿಂತು, ಆ ನೆಪದಲ್ಲಿ ಹಿಂದಿರುಗಿ ನೋಡುತ್ತಾಳೆ. ಕಾಲೇಜುಗಳಲ್ಲಿ ಎಲ್ಲ ಪಾಠಗಳನ್ನೂ ಅಚ್ಚುಕಟ್ಟಾಗಿ ಬರೆದುಕೊಂಡವರೂ ನೋಟ್ಸ್ ಕೇಳಿಕೊಂಡು ಹೋಗುತ್ತಿದ್ದುದು ಆ ದರ್ಭೆಯ ವಂಶಕ್ಕೇ ಸೇರಿದ ನೆಪ.

ಇಂತಹ ಚೇಷ್ಟೆಗಳನ್ನು ಎಣಿಸಿ ಹೆಸರಿಡುವ ಉತ್ಸಾಹವೂ ಪ್ರಾಚೀನವಾದುದು. ಭರತನ ‘ನಾಟ್ಯಶಾಸ್ತ್ರ’ವು ಹೆಣ್ಣಿನ ಇಪ್ಪತ್ತು ಅಲಂಕಾರಗಳನ್ನು ಹೇಳುವಲ್ಲಿ ಅವುಗಳ ಪೈಕಿ ಹತ್ತನ್ನು ಸ್ವಭಾವಜವೆಂದು, ಎಂದರೆ ಸ್ವಭಾವದಿಂದಲೇ ಹೊಮ್ಮುವಂಥವೆಂದು ಬೇರ್ಪಡಿಸುತ್ತದೆ. ಸಂತೋಷದ ಭರದಲ್ಲಿ ನಗು, ಅಳು, ಭಯ, ಸಿಟ್ಟುಗಳು ಒಟ್ಟಿಗೆ ನುಗ್ಗಿ ಬರುವುದು ಕಿಲಿಕಿಂಚಿತ. ಬಯಸಿದ್ದು ಕೈಗೆ ಬಂದಾಗ ಗರ್ವದಿಂದ ಅದನ್ನು ಕಡೆಗಣಿಸುವುದು ಬಿಬ್ಬೋಕ. ಮಾತಾಡಬೇಕಾದ ಹೊತ್ತಿನಲ್ಲೇ ನಾಚಿಕೆಯಿಂದ ಮಾತು ಹೊರಡದಿರುವುದು ವಿಹೃತ. ಪ್ರಿಯನ ಸುದ್ದಿ ಬಂದಾಗ ಮೈಮರೆತು ತೋರಿಬಿಡುವ ಚೇಷ್ಟೆ ಮೋಟ್ಟಾಯಿತವಾಗಿದ್ದು, ಅದಕ್ಕೆ ನಂತರದ ಆಲಂಕಾರಿಕರು ಕಿವಿ ತುರಿಸಿಕೊಳ್ಳುವುದನ್ನು ನಿದರ್ಶನವಾಗಿ ಕೊಟ್ಟಿರುವುದು ಎಷ್ಟು ನಿಕಟವಾದ ಗಮನಿಕೆಯೆಂಬುದನ್ನು, ಹೆಸರೊಂದು ಕಿವಿಗೆ ಬಿದ್ದೊಡನೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವ ಬೆರಳುಗಳನ್ನು ಕಂಡವರು ಬಲ್ಲರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೋನಿಕಾ ಮೂರ್ 1985ರಲ್ಲಿ ಇದೇ ಬಗೆಯ ಕೆಲಸ ಮಾಡಿ, ಹೆಂಗಸರು ಮಾತಿಲ್ಲದೆ ತೋರುವ 52 ಸನ್ನೆಗಳನ್ನು ಪಟ್ಟಿಮಾಡಿದಳು.

ಈ ಶಾಸ್ತ್ರೀಯ ಪಟ್ಟಿಯನ್ನು ಮೆಚ್ಚುವಾಗ ಒಂದು ಎಚ್ಚರವೂ ಅವಶ್ಯ. ಗಂಡಿಗೆ ಅದೇ ಶಾಸ್ತ್ರವು ಸ್ಥೈರ್ಯ, ಗಾಂಭೀರ್ಯ, ಔದಾರ್ಯಗಳೇ ಮೊದಲಾದ ಎಂಟು ಗುಣಗಳನ್ನು ಹಂಚಿ, ಸನ್ನೆಗಳ ಹೊರೆಯನ್ನು ಬಹುಪಾಲು ಹೆಣ್ಣಿನ ಹೆಗಲಿಗೆ ಏರಿಸಿದೆ. ಅಲ್ಲದೆ ಹತ್ತರಲ್ಲೊಂದಾದ ಕುಟ್ಟಮಿತವು, ಪ್ರಿಯನು ಮೈಮುಟ್ಟಿದಾಗ ಒಳಗೆ ಹಿತವೆನಿಸಿದರೂ ಹೊರಗೆ ತಲೆ ಕೈಗಳನ್ನು ಕೊಡವಿ ಬೇಡವೆನ್ನುವುದು. ನಾಟಕದಲ್ಲಿ ಕವಿಯು ನಾಯಿಕೆಯ ಒಳಗನ್ನೂ ಬಲ್ಲವನಾದ್ದರಿಂದ, ಆ ಬೇಡವೆಂಬುದು ಬೇಕೆಂಬುದೇ ಎಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ. ಬೀದಿಯಲ್ಲಿ ಅಂತಹ ಕವಿ ಯಾರೂ ಇರುವುದಿಲ್ಲ. ರಂಗಭೂಮಿಗೆಂದು ಬರೆದ ಲಕ್ಷಣವನ್ನು ಬದುಕಿನ ಕೈಪಿಡಿಯಾಗಿ ಓದಿಕೊಂಡವರಿಂದ, ಮತ್ತು ಅದಕ್ಕಿಂತ ಹೆಚ್ಚಾಗಿ ಬೆನ್ನಟ್ಟುವುದನ್ನೇ ಪ್ರೇಮವೆಂದು ಹಾಡಿ ಕುಣಿದ ಸಿನಿಮಾಗಳಿಂದ, ಆದ ಅನಾಹುತ ಸಣ್ಣದಲ್ಲ. ಕನ್ನಡವು ಈ ಗೆರೆಯನ್ನು ಪದದಲ್ಲೇ ಎಳೆದಿದೆ: ಛೇಡಿಸುವುದಕ್ಕೆ ಸಲಿಗೆ ಇರಬೇಕು, ಸಲಿಗೆಯಿಲ್ಲದೆಡೆ ಅದೇ ಮಾತು ಚುಡಾಯಿಸುವುದಾಗುತ್ತದೆ. ಕಾನೂನು ಬಹಳ ತಡವಾಗಿ, 2013ರ ತಿದ್ದುಪಡಿಯಲ್ಲಿ, ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು.

ಸಲಿಗೆಯು ಯಾರ ನಡುವೆ ಇರಬಹುದೆಂಬುದನ್ನು ಕನ್ನಡ ನಾಡಿನ ಬಂಧುತ್ವವೇ ಬಹುಕಾಲ ಗೊತ್ತುಪಡಿಸಿತ್ತು. ಸೋದರತ್ತೆಯ ಮಗನನ್ನೋ ಸೋದರಮಾವನ ಮಗಳನ್ನೋ ಮದುವೆಯಾಗಬಹುದಾಗಿದ್ದ ಸಮುದಾಯಗಳಲ್ಲಿ, ಒಂದೇ ‘ಅತ್ತೆ’ ಎಂಬ ಪದವು ತಂದೆಯ ತಂಗಿಗೂ ಗಂಡನ ತಾಯಿಗೂ ಒಪ್ಪುವಂತೆ, ಒಂದೇ ‘ಭಾವ’ ಎಂಬ ಕರೆಯು ಆಟದ ಜೊತೆಗಾರನಿಗೂ ಮುಂದೆ ಗಂಡನಾಗಬಹುದಾದವನಿಗೂ ಒಪ್ಪುತ್ತಿತ್ತು. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಪರಿಹಾಸ ಸಂಬಂಧವೆಂದು ವಿವರಿಸಿದ್ದು ಇಂತಹದನ್ನು: ಕೆಲವು ನಂಟರು ಪರಸ್ಪರ ಗೇಲಿ ಮಾಡಬಹುದು, ಮಾಡಲೇಬೇಕು, ಗೇಲಿಗೆ ಒಳಗಾದವರು ಸಿಟ್ಟಾಗಬಾರದು ಎಂಬ ಸಮಾಜದ ಒಪ್ಪಂದ ಅದು. ಭಾವ ನಾದಿನಿಯರು ಓಕುಳಿ ಎರಚಾಡುವಾಗ ಹಿರಿಯರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದುದು ಈ ಒಪ್ಪಂದದ ಭಾಗ. ಉರುಟಣೆಯಲ್ಲಂತೂ, ಎಂದರೆ ವಧೂವರರು ಪರಸ್ಪರ ಅರಿಸಿನ, ಕುಂಕುಮ, ಗಂಧಗಳನ್ನು ಹಚ್ಚುವ ಮದುವೆಯ ಆಟದಲ್ಲಿ, ನೆರೆದ ಹೆಂಗಸರೆಲ್ಲ ಹಾಡಿನ ಮೂಲಕ ಬೀಗರನ್ನು ಮೂದಲಿಸುತ್ತ ಆ ಇಬ್ಬರ ಮೊದಲ ಸ್ಪರ್ಶಕ್ಕೆ ಗದ್ದಲದ ಮರೆ ಒದಗಿಸುತ್ತಿದ್ದರು. ಆದರೆ ಇದೇ ವ್ಯವಸ್ಥೆಯಲ್ಲಿ ಸಲಿಗೆಯು ಹಕ್ಕಾಗಿ ಬದಲಾಗುವುದಕ್ಕೂ ತಡವಾಗುತ್ತಿರಲಿಲ್ಲ. ತನಗೆಂದೇ ಹುಟ್ಟಿದವಳೆಂದು ಬಾಲ್ಯದಿಂದ ಕರೆಸಿಕೊಂಡವಳಿಗೆ ಕೀಟಲೆಯನ್ನು ಒಲ್ಲೆನೆನ್ನುವ ಬಾಗಿಲೇ ಇರುತ್ತಿರಲಿಲ್ಲವೆಂಬುದನ್ನು ಹಳೆಯ ಕಾಲದ ಸೊಬಗನ್ನು ಕೊಂಡಾಡುವವರು ಮರೆಯುತ್ತಾರೆ.

ಮದುವೆಯಾದ ಮೇಲೆ ಒಳಮಾತು ಬೇಕಿಲ್ಲವೆಂದು ತಿಳಿಯುವುದು ಅವಿಭಕ್ತ ಕುಟುಂಬವನ್ನು ಕಾಣದವರ ಊಹೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಿಂದ ಉತ್ತರ ಕರ್ನಾಟಕದಲ್ಲಿ ಬೆಳೆದ ಒಡಪು ಎಂಬ ಪ್ರಕಾರವು ಇದಕ್ಕೆ ಸೊಗಸಾದ ಸಾಕ್ಷಿ. ಮದುವೆ, ಕುಬಸಗಳಂತಹ ಸಮಾರಂಭಗಳಲ್ಲಿ ಹೆಂಗಸರು ಸುತ್ತುಗಟ್ಟಿ ಹೆಸರು ಹೇಳೆಂದು ಒತ್ತಾಯಿಸಿದಾಗ, ಮದುಮಗಳು ಪ್ರಾಸಬದ್ಧವಾದ ನಾಲ್ಕು ಮಾತುಗಳನ್ನು ಪೋಣಿಸಿ ಅದರ ತುದಿಯಲ್ಲಿ ಗಂಡನ ಹೆಸರನ್ನು ಸಿಕ್ಕಿಸಿ, ಕಟ್ಟಳೆಯನ್ನು ಮುರಿದೂ ಮುರಿಯದಂತೆ ಪಾರಾಗುತ್ತಾಳೆ. ಹೆಸರೆತ್ತದ ವರ್ಷವಿಡೀ ಕೂಡಿಟ್ಟ ಅಕ್ಕರೆಯೆಲ್ಲ ಆ ಒಂದು ಸಾಲಿಗೆ ಇಳಿದಿರುತ್ತದೆ, ಪಕ್ಕದ ಕೋಣೆಯಲ್ಲಿರುವ ಗಂಡನು ಕೇಳಿಯೂ ಕೇಳದವನಂತೆ ಕುಳಿತಿರುತ್ತಾನೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಹೊರಬಂದಾಗ ಕನ್ನಡಿಗರು ಅದನ್ನು ಎದೆಗೊತ್ತಿಕೊಂಡದ್ದಕ್ಕೆ ಇರುವ ಕಾರಣಗಳಲ್ಲಿ, ಗಂಡಹೆಂಡಿರ ಸರಸವನ್ನು ಅತ್ತೆಮಾವಂದಿರು, ನಾದಿನಿಯರು ಓಡಾಡುವ ತುಂಬಿದ ಮನೆಯ ನಡುವೆಯೇ ಇರಿಸಿದ ಅದರ ಕ್ರಮವೂ ಒಂದು.

ಮರೆಮಾತಿಗೆ ತೆರಬೇಕಾದ ಬೆಲೆಯೆಂದರೆ ಅದು ತಲುಪಬೇಕಾದವರಿಗೂ ತಲುಪದೆ ಹೋಗುವುದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಆಸಕ್ತಿ ತೋರುವ ಬಗೆಗಳನ್ನು ದೈಹಿಕ, ಸಾಂಪ್ರದಾಯಿಕ, ಪ್ರಾಮಾಣಿಕ, ಸಭ್ಯ, ವಿನೋದಶೀಲ ಎಂದು ಐದಾಗಿ ವಿಂಗಡಿಸಿದವನು, ಅಪರಿಚಿತರನ್ನು ಜೋಡಿಜೋಡಿಯಾಗಿ ಮಾತಿಗೆ ಕೂರಿಸಿ ಪರೀಕ್ಷಿಸಿದಾಗ, ಎದುರಿನವರು ನಿಜವಾಗಿ ಆಸಕ್ತಿ ತೋರಿದ್ದನ್ನು ಸರಿಯಾಗಿ ಗುರುತಿಸಿದವರು ಗಂಡಸರಲ್ಲಿ ಶೇಕಡಾ 36, ಹೆಂಗಸರಲ್ಲಿ ಶೇಕಡಾ 18 ಮಾತ್ರ. ಸಂಸ್ಕೃತ ನಾಟಕಗಳಲ್ಲಿ ಸಖಿಗೆ ಅಷ್ಟೊಂದು ಕೆಲಸವಿರುವುದೇಕೆಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ಬೇಕಿಲ್ಲ. ನಾಯಿಕೆಯ ನಿಟ್ಟುಸಿರನ್ನು ನಾಯಕನಿಗೆ ಅರ್ಥೈಸಿ ಹೇಳುವ ದೂತಿ, ತಾವರೆಯ ಎಲೆಯ ಮೇಲೆ ಉಗುರಿನಿಂದ ಓಲೆ ಬರೆಯಲು ಶಕುಂತಲೆಗೆ ಹೇಳಿಕೊಡುವ ಗೆಳತಿ, ಇಂದು ಹಾಸ್ಟೆಲಿನಲ್ಲಿ ಬಂದ ಸಂದೇಶದ ಒಂದೊಂದು ಪದವನ್ನೂ ಬಿಡಿಸಿ ಭಾಷ್ಯ ಬರೆಯುವ ಕೋಣೆಯ ಜೊತೆಗಾತಿ, ಇವರೆಲ್ಲ ಮೂರನೆಯವರೇ ಆದರೂ ಅತ್ತೆಯ ಎದುರು ಪಕ್ಷದವರು.

ಈಗ ಆ ಮೂರನೆಯವರನ್ನೇ ಹೊರಗಿಟ್ಟ ಏರ್ಪಾಡುಗಳೂ ಬಂದಿವೆ. 2012ರಲ್ಲಿ ಆರಂಭವಾದ ಟಿಂಡರ್‌ನಂತಹ ಆ್ಯಪ್‌ಗಳಲ್ಲಿ ಇಬ್ಬರೂ ಪರಸ್ಪರರ ಚಿತ್ರವನ್ನು ಬಲಕ್ಕೆ ಸರಿಸಿದ ಮೇಲಷ್ಟೇ ಮಾತಿಗೆ ಅವಕಾಶ. ಎಂದರೆ ಹಿಂದೆ ತಿಂಗಳುಗಟ್ಟಲೆ ಊಹಿಸಬೇಕಾಗಿದ್ದ ಸಂಗತಿಯು ಮೊದಲ ನಮಸ್ಕಾರಕ್ಕೂ ಮುನ್ನವೇ ಇತ್ಯರ್ಥವಾಗಿರುತ್ತದೆ, ಮುಚ್ಚಿಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇದರಿಂದ ಸರಸವು ನೇರವಾಗುತ್ತದೆಯೆಂದು ನಿರೀಕ್ಷಿಸಿದರೆ ಆಗುವುದು ಬೇರೆ: ಆಸಕ್ತಿಯನ್ನು ಘೋಷಿಸಿಕೊಂಡೇ ಬಂದವರು ತಮಗೆ ಅಂತಹ ಆಸಕ್ತಿಯೇನೂ ಇಲ್ಲವೆಂಬಂತೆ ಉತ್ತರವನ್ನು ಅರ್ಧದಿನ ತಡಮಾಡುತ್ತಾರೆ, ಭರತನ ಬಿಬ್ಬೋಕವನ್ನು ಗಂಡಸರೂ ಕಲಿತುಕೊಂಡಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ 2014ರಿಂದ ಕಾಣಿಸಿಕೊಂಡ ನೀಲಿ ಗುರುತುಗಳು, ಸಂದೇಶವನ್ನು ಓದಿಯೂ ಓದಿಲ್ಲವೆನ್ನುವ ಸವಲತ್ತನ್ನು ಕಿತ್ತುಕೊಂಡಾಗ, ಬಹಳ ಜನ ಮೊದಲು ಹುಡುಕಿದ್ದು ಅವನ್ನು ಆರಿಸುವ ಗುಂಡಿಯನ್ನು.

ಇದೇ ಸಾಧನದಲ್ಲಿ ಹಳೆಯ ಗಾಥೆಯ ಅತ್ತೆಗೂ ಒಂದು ಮನೆ ಸಿಕ್ಕಿದೆ. ಸ್ಟೇಟಸ್ ಎಂಬ ಹೆಸರಿನಲ್ಲಿ 24 ಗಂಟೆಗಳ ಮಟ್ಟಿಗೆ ಹಾಕುವ ಚಿತ್ರವನ್ನೋ ಹಾಡಿನ ತುಣುಕನ್ನೋ ಸೋದರಮಾವ, ಕಚೇರಿಯ ಮೇಲಧಿಕಾರಿ, ಹಾಲು ಹಾಕುವವನು, ಹೈಸ್ಕೂಲಿನ ಮೇಷ್ಟ್ರು ಎಲ್ಲರೂ ನೋಡುತ್ತಾರೆ, ಎಲ್ಲರಿಗೂ ಅದು ಮಳೆಯ ಚಿತ್ರ, ಹಳೆಯ ಸಿನಿಮಾದ ಹಾಡು. ಹಾಕಿದವರು ಮಾತ್ರ ಗಂಟೆಗೊಮ್ಮೆ ನೋಡಿದವರ ಪಟ್ಟಿಯನ್ನು ತೆರೆದು ಒಂದು ಹೆಸರಿಗಾಗಿ ಕೆಳಗಿನವರೆಗೆ ಬೆರಳಾಡಿಸುತ್ತಾರೆ. ಆ ಹೆಸರು ಕಾಣಿಸಿಕೊಂಡ ಮೇಲೆ ಇನ್ನೂ ಹತ್ತೊಂಬತ್ತು ಗಂಟೆಗಳ ಆಯುಸ್ಸಿರುವ ಸ್ಟೇಟಸ್ಸನ್ನು ಅಳಿಸಿಹಾಕುತ್ತಾರೆ, ಮತ್ತು ಯಾಕೆ ತೆಗೆದೆಯೆಂದು ಮರುದಿನ ಊಟದ ಹೊತ್ತಿನಲ್ಲಿ ಕೇಳುವವರು ಸಾಮಾನ್ಯವಾಗಿ ಸೋದರಮಾವನೇ ಆಗಿರುತ್ತಾನೆ.